ಫುಟ್‌ಬಾಲ್ ಯಾತ್ರೆಯಲ್ಲಿ ನಾನೊಂದು ಖರ್ಚಿನ ಬಾಬತ್ತು

ವಿದೇಶಕ್ಕೆ ಹೋಗದೆಯೇ ವಿದೇಶ ಪ್ರಯಾಣದ ಸತ್ಕಾರ ಮಾಡಿಸಿಕೊಂಡವನು ನಾನು. ಬೆಳಗಾವಿಯ ನಮ್ಮ ಹಿಂದವಾಡಿಯಲ್ಲಿ ಇಂಥವನು ಇನ್ನೊಬ್ಬನಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಶಾಲು, ಹಾರ, ಒಂದು ಡಬ್ಬಿ ಕುಂದಾ, ಓಣಿಯ ಹಿರಿಯರೊಬ್ಬರ ಉದ್ದನೆಯ ಭಾಷಣ, ಎಲ್ಲವೂ ಆಯಿತು. ಕುಂದಾ ಎರಡು ದಿನಕ್ಕೆ ಮುಗಿಯಿತು. ಶಾಲು ಹಾಗೆ ಮುಗಿಯುವ ವಸ್ತುವಲ್ಲ ನೋಡಿ. ಅದನ್ನು ಹೊದ್ದು ತರಕಾರಿಗೆ ಹೋದಾಗಲೆಲ್ಲ ಯಾರಾದರೊಬ್ಬರು "ಯಾವಾಗ ಬಂದ್ರಿ ಸರ್?" ಎಂದು ಕೇಳುತ್ತಾರೆ. ಹೋಗಿಯೇ ಇಲ್ಲದವನು ಬಂದದ್ದು ಯಾವಾಗ ಎಂದು ಹೇಳಲಿ?

ಇದಕ್ಕೆಲ್ಲ ಕಾರಣ ಫುಟ್‌ಬಾಲ್. ಆ ಆಟದ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ: ಚೆಂಡು ಒಂದು, ಅದರ ಹಿಂದೆ ಓಡುವವರು ಬಹಳ ಮಂದಿ. ಗೊತ್ತಿರುವವರು ನಮ್ಮ ಶಾಂತಾ ವೈನಿ, ಅಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿ. ಖಾನಾಪುರದ ಹೆಣ್ಣುಮಗಳು. ಅಣ್ಣ ಹೋದ ಮೇಲೆ ನೆಹರು ನಗರದ ಹಾಸ್ಟೆಲ್ ಹುಡುಗರಿಗೆ ಊಟದ ಡಬ್ಬಿ ಕಳಿಸಿ ಮಗ ಬಸವರಾಜನನ್ನು ಓದಿಸಿದವರು. ವೈನಿಯಷ್ಟೇ ಗೊತ್ತಿರುವ ಇನ್ನೊಬ್ಬರು ಪಕ್ಕದ ಮನೆಯ ಶಾಹಿದಾ ಆಪಾ, ನರ್ಸ್ ಆಗಿದ್ದು ನಿವೃತ್ತರಾದವರು. ಈ ಇಬ್ಬರ ಮಾತು ಒಮ್ಮೆ ಫುಟ್‌ಬಾಲಿಗೆ ತಿರುಗಿತೆಂದರೆ ನಾನು ಪರಭಾಷೆಯ ಮದುವೆಗೆ ಹೋದವನ ಹಾಗೆ ಸುಮ್ಮನೆ ನಗುತ್ತ ಕೂಡುತ್ತೇನೆ.

ಬೆಳಗಾವಿಗೆ ಫುಟ್‌ಬಾಲ್ ಹುಚ್ಚು ಹೇಗೆ ಹತ್ತಿತು ಎಂಬುದರ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ದಂಡಿನ ಸಿಪಾಯಿಗಳು ತಂದರು ಎನ್ನುವವರುಂಟು. ಗೋವಾದಿಂದ ಮೀನಿನ ಬುಟ್ಟಿಯ ಜೊತೆ ಘಟ್ಟ ಹತ್ತಿ ಬಂತು ಎನ್ನುವವರುಂಟು. ನಮ್ಮ ಮನೆಗಂತೂ ಅದು ಸಂಡಿಗೆಯ ದಾರಿಯಿಂದ ಬಂತು. ನಮ್ಮ ಮಾಳಿಗೆಯ ಬಗಲಿಗೇ ಶಾಲೆಯ ಮೈದಾನ. ಅಲ್ಲಿ ಊರಿನ ತಂಡಗಳು ಆಡುವಾಗ ಗಂಡಸರೆಲ್ಲ ಮೈದಾನದ ಸುತ್ತ ನಿಂತು ಕೂಗುತ್ತಿದ್ದರು. ಹೆಂಗಸರು ಅಲ್ಲಿಗೆ ಹೋಗುವ ರೂಢಿ ಇರಲಿಲ್ಲ. ಬೇಡವೆಂದು ಯಾರೂ ಬಾಯಿ ಬಿಟ್ಟು ಹೇಳಿದ್ದಲ್ಲ, ಅದಕ್ಕೇ ಅದನ್ನು ಮುರಿಯುವುದೂ ಕಷ್ಟವಾಗಿತ್ತು. ವೈನಿ ಮತ್ತು ಆಪಾ ಪಂದ್ಯದ ದಿನ ತಪ್ಪದೆ ಮಾಳಿಗೆಯ ಮೇಲೆ ಸಂಡಿಗೆ ಹಾಕಿ, ಕಾಗೆ ಕಾಯುವ ನೆಪದಲ್ಲಿ, ಒಣಹಾಕಿದ ಸೀರೆಗಳ ಸಂದಿಯಿಂದ ಆಟ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಆ ವರ್ಷಗಳಲ್ಲಿ ಅಷ್ಟೊಂದು ಸಂಡಿಗೆ ಯಾಕೆ ಕರಿಯುತ್ತಿದ್ದರು ಎಂಬುದು ನನಗೆ ತಡವಾಗಿ ತಿಳಿಯಿತು.

ಆಮೇಲೆ ಟಿವಿ ಬಂತು, ವಿಶ್ವಕಪ್ಪುಗಳು ಬಂದವು. ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ನೋಡಿದರು. ಆದರೆ ಇಷ್ಟು ವರ್ಷ ಆಟ ನೋಡಿದ ಈ ಹೆಂಗಸರು ಒಂದು ಸಲವೂ ಮೈದಾನದ ಕುರ್ಚಿಯ ಮೇಲೆ ಕೂತಿರಲಿಲ್ಲ. ಒಮ್ಮೆ ಕೂಡಬೇಕು, ಜನರ ನಡುವೆ, ಎದುರಿಗೇ, ಅಡ್ಡ ಸೀರೆ ಇಲ್ಲದೆ. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ವಿಶ್ವಕಪ್ಪು ಕೊಲ್ಲಿಯ ಒಂದು ಪುಟ್ಟ ದೇಶಕ್ಕೆ ಬಂದಾಗ ಆಪಾ ಒಂದು ದಿನ ಚಹಾ ಕುಡಿಯುತ್ತ, "ಶಾಂತಾ, ಗೋವಾಕ್ಕ ಹೋಗಿ ಇಮಾನ ಹತ್ತಿದ್ರ ಆತು, ಊಟದ ಹೊತ್ತಿಗೆ ಅಲ್ಲಿ ಇರ್ತೀವಿ" ಎಂದರು. ವೈನಿ ಕಪ್ಪು ಕೆಳಗಿಟ್ಟು, "ಹಂಗಾರ ಹೋಗೂಣು" ಎಂದರು. ಒಂದು ಸೀರೆ ಕೊಳ್ಳಲು ನಾಲ್ಕು ಅಂಗಡಿ ತಿರುಗುವವರು ಪರದೇಶಕ್ಕೆ ಹೋಗಲು ಅರ್ಧ ಕಪ್ಪು ಚಹಾದಲ್ಲಿ ನಿರ್ಧಾರ ಮಾಡಿದರು.

ಮುಂದಿನದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಮೆಚ್ಚಿ ಹೇಳುತ್ತಿದ್ದೇನೆ. ಅಂಥ ಯೋಜನೆಯನ್ನು ನಾನು ಜೀವನದಲ್ಲಿ ನೋಡಿಲ್ಲ. ನಾವು ಗಂಡಸರು ಬಜೆಟ್ ಮಾಡುವುದೆಂದರೆ ಮೊದಲು ಆಸೆ ಪಟ್ಟು, ಆಮೇಲೆ ಸಾಲದ ದಾರಿ ನೋಡಿ, ಕೊನೆಗೆ ಬೆಲೆಯೇರಿಕೆಯನ್ನು ಬೈಯುವುದು. ಇವರದು ಬೇರೆ ಶಾಸ್ತ್ರ. ಆಪಾ ಪಿಂಚಣಿಯಲ್ಲಿ ಒಂದು ಭಾಗ ತೆಗೆದಿಟ್ಟರು. ವೈನಿಗೆ ಓಣಿಯ ಭಿಶಿ ಇತ್ತು. ತಿಂಗಳಿಗೊಮ್ಮೆ ಹೆಂಗಸರೆಲ್ಲ ಸಮನಾಗಿ ಹಣ ಹಾಕಿ, ಚೀಟಿ ಎತ್ತಿ, ಹೆಸರು ಬಂದವರಿಗೆ ಒಟ್ಟು ಗಂಟು ಕೊಡುವ ವ್ಯವಸ್ಥೆ ಅದು. ವೈನಿಯ ಚೀಟಿ ಬರುವ ಮೊದಲೇ ಬೇರೊಬ್ಬಳು ತನ್ನ ಸರದಿ ಬಿಟ್ಟುಕೊಟ್ಟಳು. "ನೀವು ಹೋಗಿ ನೋಡಿ ಬರ್ರಿ ಅಕ್ಕಾರ, ನಮಗ ಬಂದು ಹೇಳ್ರಿ" ಎಂಬ ಒಂದೇ ಕರಾರಿನ ಮೇಲೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ನಾನು ಗಾದೆ ಹೇಳಿದೆ. "ಹಾಸಿಗಿ ಹೊಲಿಯೂದ ನಮ್ಮ ಕೈಯಾಗ ಐತಿ, ಕಾಲ್ಯಾಕ ಮಡಚೂದು?" ಎಂದರು ವೈನಿ.

ವಸತಿಗೆ ಇಬ್ಬರಿಗೂ ಸೇರಿ ಒಂದು ಸಣ್ಣ ಕೋಣೆ. ಪಂದ್ಯಗಳು ಮೂರು, ಎಲ್ಲ ಟಿಕೆಟ್ಟೂ ತೀರ ಮೇಲಿನ ಸಾಲಿನವು, ಅಗ್ಗದವು. ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಪ್ರಯಾಣಕ್ಕೆ ನಮ್ಮ ಉತ್ತರ ಕರ್ನಾಟಕ ಕೊಟ್ಟ ಕೊಡುಗೆ ಏನೆಂದು ಯಾರಾದರೂ ಕೇಳಿದರೆ ನಾನು ಖಡಕ್ ರೊಟ್ಟಿ ಎನ್ನುತ್ತೇನೆ. ತೂಕವಿಲ್ಲ, ಕೆಡುವುದಿಲ್ಲ, ಯಾವ ದೇಶದ ಸುಂಕದವನಿಗೂ ಅದರ ಮೇಲೆ ಸಂಶಯ ಬರುವುದಿಲ್ಲ. ಒಂದೇ ದೋಷ, ಮುರಿಯುತ್ತದೆ. ವೈನಿಗೆ ಮುರಿದ ರೊಟ್ಟಿ ಕಂಡರೆ ಆಗದು.

ಎಲ್ಲ ಸಿದ್ಧವಾದ ಮೇಲೆ ಬಸವರಾಜ ಅಡ್ಡ ಬಂದ. ಹಾರ್ಡ್‌ವೇರ್ ಅಂಗಡಿ ನಡೆಸುವ ಒಳ್ಳೆಯ ಹುಡುಗ. ತಾಯಿಯ ಮೇಲೆ ಪ್ರಾಣ. "ಅವ್ವಾ, ಹೋಗಬ್ಯಾಡ ಅನ್ನೂದಿಲ್ಲ. ಆದ್ರ ಜೋಡಿ ಒಬ್ಬರು ಗಂಡಸರು ಬೇಕs" ಎಂದ. ಆಪಾರ ಗಂಡ ಇಮಾಮ್ ಸಾಹೇಬರು ಮಿತಭಾಷಿ. ಅವರು ತಲೆ ಆಡಿಸಿದ್ದು ಹೌದು ಎಂದೋ ಅಲ್ಲ ಎಂದೋ ಯಾರಿಗೂ ತಿಳಿಯಲಿಲ್ಲ, ಬಸವರಾಜ ಹೌದು ಎಂದೇ ತಿಳಿದ. ಅವನಿಗೆ ಅಂಗಡಿ, ಸಾಹೇಬರಿಗೆ ಮೊಣಕಾಲು ನೋವು. ಉಳಿದವನು ನಾನು, ನಿವೃತ್ತ ಭೂಗೋಳದ ಮಾಸ್ತರ. ಜಗತ್ತಿನ ನಕಾಶೆಯ ಮೇಲೆ ಉದ್ಯೋಗದುದ್ದಕ್ಕೂ ಕೋಲಾಡಿಸಿದವನು, ಆದರೆ ಸಮುದ್ರ ದಾಟಿದವನಲ್ಲ. ನನ್ನನ್ನು ಕಾವಲಿಗೆ ನೇಮಿಸಿದರು.

ನನಗೆ ಎಷ್ಟು ಸಂತೋಷವಾಯಿತೆಂದರೆ, ಸುದ್ದಿಯನ್ನು ಇಡೀ ಹಿಂದವಾಡಿಗೆ ನಾನೇ ಹಂಚಿದೆ. ಹೊಸ ಪ್ಯಾಂಟು ಹೊಲಿಸಿದೆ. ಸತ್ಕಾರವಾಯಿತು. ಭಾಷಣ ಮಾಡಿದ ಹಿರಿಯರು "ಫುಟ್‌ಬಾಲಿನ ಅಪಾರ ಅಭಿಮಾನಿಗಳಾದ" ಎಂದು ನನ್ನನ್ನು ಹೊಗಳುವಾಗ ವೈನಿ ಮತ್ತು ಆಪಾ ಹಿಂದಿನ ಸಾಲಿನಲ್ಲಿ ಕೂತು ಕುಂದಾ ಹಂಚುತ್ತಿದ್ದರು. ಹೌದಲ್ಲ, ಹೋಗುವವರು ಅವರು ಎಂದು ನನಗೂ ಆಗ ಹೊಳೆಯಲಿಲ್ಲ.

ಸತ್ಕಾರದ ಮರುದಿನ ಇಬ್ಬರೂ ಮತ್ತೆ ಲೆಕ್ಕಕ್ಕೆ ಕೂತರು. ಆಗ ತಿಳಿಯಿತು, ಆ ಇಡೀ ಯಾತ್ರೆಯಲ್ಲಿ ಅತ್ಯಂತ ದುಬಾರಿ ಬಾಬತ್ತು ನಾನೇ. ನಾನು ಗಂಡಸು, ಆದ್ದರಿಂದ ಬೇರೆ ಕೋಣೆ. ಬೇರೆ ವಿಮಾನ ದರ. ನನ್ನ ಉಳಿತಾಯ ಆ ವರ್ಷ ಮನೆ ರಿಪೇರಿಗೆ ಹೋಗಿತ್ತು. ಬಸವರಾಜ ಕೊಡಲು ಬಂದರೆ ವೈನಿ ಮುಟ್ಟಲಿಲ್ಲ: "ಆಟ ನಮ್ಮದು, ರೊಕ್ಕಾನೂ ನಮ್ಮದs ಇರಲಿ." ಇಬ್ಬರಿಗೆ ಮೂರು ಪಂದ್ಯ ಆಗುವ ಹಣದಲ್ಲಿ ಮೂವರಿಗೆ ಒಂದೇ ಪಂದ್ಯ. ಕೊಂಡಿದ್ದ ಟಿಕೆಟ್ಟುಗಳಲ್ಲಿ ಎರಡು ಪಂದ್ಯದವನ್ನು ಮಾರಬೇಕು ಎಂದಾಯಿತು. ಆಪಾ ಆ ಟಿಕೆಟ್ಟುಗಳನ್ನು ಮೊಬೈಲಿನಲ್ಲಿ ಒಮ್ಮೆ ತೆಗೆದು ನೋಡಿ, ಮೊಬೈಲನ್ನು ಬೋರಲು ಇಟ್ಟರು. ನನಗೆ ಮುಳ್ಳು ಚುಚ್ಚಿದಂತಾಯಿತು, ಆದರೆ ಪ್ಯಾಂಟು ಹೊಲಿದು ಬಂದಾಗಿತ್ತು.

ಹೊರಡುವ ಮೊದಲು ಒಂದು ರಂಗತಾಲೀಮು ಆಗಲಿ ಎಂದದ್ದು ವೈನಿ. ಪರದೇಶವೆಂದು ತಿಳಿದು ಖಾನಾಪುರಕ್ಕೆ ಹೋಗಿಬರುವುದು. ಅದು ಅವರ ತವರೇ ಆದರೂ ನಿಯಮ ಕಠಿಣ: ನೆಂಟರಿಗೆ ಫೋನ್ ಮಾಡಬಾರದು, ಎಲ್ಲ ಸಾಮಾನು ಜೊತೆಗಿರಬೇಕು, ಕಟ್ಟಿಕೊಂಡ ಬುತ್ತಿಯನ್ನೇ ತಿನ್ನಬೇಕು, ದಾರಿ ಕೇಳುವುದಾದರೆ ಮರಾಠಿಯಲ್ಲೇ ಕೇಳಬೇಕು. ಪರದೇಶದಲ್ಲಿ ಕನ್ನಡ ನಡೆಯುವುದಿಲ್ಲವಲ್ಲ! ತಾಲೀಮು ಎಂದರೆ ತಾಲೀಮು, ಅಸಲು ಪಾಸ್‌ಪೋರ್ಟುಗಳೇ ಇರಲಿ ಎಂದು ನಾನು ಹಟ ಹಿಡಿದೆ. ಕಾವಲಿನವನು ನಾನಾದ್ದರಿಂದ ಅವುಗಳನ್ನಿಟ್ಟ ಚೀಲ ನನ್ನ ವಶಕ್ಕೆ ಬಂತು. ಜೊತೆಗೆ ರೊಟ್ಟಿಯ ಡಬ್ಬಿಯನ್ನೂ ಕೊಟ್ಟರು. "ಶಂಕ್ರಪ್ಪ, ಒಂದು ರೊಟ್ಟಿನೂ ಮುರೀಬಾರ್ದು ನೋಡು" ಎಂದು ವೈನಿ ತಾಕೀತು ಮಾಡಿದರು. ಪಾಸ್‌ಪೋರ್ಟಿನ ಬಗ್ಗೆ ಯಾರೂ ತಾಕೀತು ಮಾಡಲಿಲ್ಲ.

ಬಸ್ಸಿನ ಕುಲುಕಾಟಕ್ಕೆ ರೊಟ್ಟಿ ಮುರಿಯದಂತೆ ಡಬ್ಬಿಯನ್ನು ಹಸುಗೂಸಿನ ಹಾಗೆ ಎದೆಗೆ ಅಪ್ಪಿ ಕೂತೆ. ಖಾನಾಪುರದಲ್ಲಿ ಹಾಗೆಯೇ ಅಪ್ಪಿಕೊಂಡು ಇಳಿದೆ. ಬಸ್ಸು ಹೊರಟುಹೋಯಿತು. ಡಬ್ಬಿ ತೆಗೆದು, "ನೋಡ್ರಿ ವೈನಿ, ಎಲ್ಲಾ ಹೆಂಗಿದ್ವು ಹಂಗs ಅದಾವ" ಎಂದು ತೋರಿಸಿದೆ. ವೈನಿ ರೊಟ್ಟಿ ನೋಡಲಿಲ್ಲ, ನನ್ನ ಖಾಲಿ ಹೆಗಲು ನೋಡಿದರು.

"ಚೀಲ ಎಲ್ಲೈತೋ?"

ಮೂವರ ಪಾಸ್‌ಪೋರ್ಟುಗಳೂ ಬಸ್ಸಿನ ಜೊತೆ ಮುಂದಿನ ಊರು ಲೋಂಡಾದ ಕಡೆ ಹೊರಟಿದ್ದವು. ನಾನು ಬಸ್ಸಿನ ಹಿಂದೆ ಹತ್ತು ಹೆಜ್ಜೆ ಓಡಿ, ಏದುಸಿರು ಬಂದು ನಿಂತೆ. ಅಷ್ಟರಲ್ಲಿ ಆಪಾ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಎದುರು ನಿಂತು, ನಿಯಮದಂತೆ ಮರಾಠಿಯಲ್ಲೇ, ರೋಗಿಯ ಸ್ಥಿತಿಯನ್ನು ಡಾಕ್ಟರಿಗೆ ಹೇಳುವ ಹಾಗೆ ತಣ್ಣಗೆ ವಿಷಯ ಹೇಳುತ್ತಿದ್ದರು. ಆತ ಕಂಡಕ್ಟರಿಗೆ ಫೋನ್ ಹಚ್ಚಿ, ಚೀಲವನ್ನು ಮುಂದಿನ ಸ್ಟ್ಯಾಂಡಿನಲ್ಲಿ ಇಳಿಸಲು ಹೇಳಿದ. ವೈನಿ ಒಂದು ಆಟೋ ನಿಲ್ಲಿಸಿ ಬಾಡಿಗೆ ಚೌಕಾಶಿ ಮಾಡಿಯೂ ಮುಗಿಸಿದ್ದರು. ನಾನೂ ಹತ್ತಲು ಹೋದೆ.

"ನೀವು ಬ್ಯಾಡ್ರಿ ಮಾಸ್ತರ್ ಸಾಹೇಬ್," ಎಂದರು ಆಪಾ, ಬಹಳ ಮೃದುವಾಗಿ. "ಇಲ್ಲೇ ಸಾಮಾನ ಹತ್ರ ಕುಂದರ್ರಿ. ಎಲ್ಲೂ ಹೋಗಬ್ಯಾಡ್ರಿ."

ಆ ಮಾತನ್ನು ನಾನು ಬಾಳಿನುದ್ದಕ್ಕೂ ರೈಲು ನಿಲ್ದಾಣಗಳಲ್ಲಿ ಹೆಂಗಸರಿಗೆ ಹೇಳುತ್ತ ಬಂದವನು. ಕೇಳಿಸಿಕೊಳ್ಳುವುದು ಹೇಗಿರುತ್ತದೆ ಎಂದು ಅಂದು ಗೊತ್ತಾಯಿತು. ಗಂಟುಗಳ ನಡುವೆ ಕೂತು ಒಂದು ರೊಟ್ಟಿ ಮುರಿದು ತಿಂದೆ. ಊಟದ ಹೊತ್ತಿಗೆ ಇಬ್ಬರೂ ಚೀಲದೊಂದಿಗೆ, ದಾರಿಯಲ್ಲಿ ಆಟೋದವನ ಮಗಳ ಮದುವೆಯ ಸಂಗತಿಯನ್ನೆಲ್ಲ ತಿಳಿದುಕೊಂಡು ಬಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ವಾದ ಮಾಡಿ ವಿಮಾನ ಹತ್ತಿಬಿಡುತ್ತಿದ್ದೆನೋ ಏನೋ.

ಮರುದಿನ ಬಸವರಾಜನನ್ನೂ ಇಮಾಮ್ ಸಾಹೇಬರನ್ನೂ ಕೂಡಿಸಿ, "ನಾ ಹೋಗೂದಿಲ್ಲಪಾ" ಎಂದೆ. ಸುಳ್ಳು ಯಾಕೆ, ನನಗೆ ಹೋಗುವ ಆಸೆ ಬಹಳ ಇತ್ತು. ವಿಮಾನದ ಕಿಟಕಿಯಿಂದ ಸಮುದ್ರ ನೋಡುವ ಆಸೆ, ಬಂದು ಹೇಳಿಕೊಳ್ಳುವ ಆಸೆ ಅದಕ್ಕಿಂತ ಹೆಚ್ಚು.

"ಮತ್ತ ಅವ್ವ?"

"ಅವರಿಬ್ಬರೂ ಹೋಗ್ತಾರ. ಮೂರೂ ಪಂದ್ಯ ನೋಡ್ತಾರ."

"ಗಂಡಸರಿಲ್ದ?"

"ಖಾನಾಪುರದಾಗ ಗಂಡಸಿದ್ನಲ್ಲೋ, ಅದಕ್ಕs ಪಾಸ್‌ಪೋರ್ಟ್ ಲೋಂಡಾದ ಹಾದಿ ಹಿಡಿದ್ವು."

ಬಸವರಾಜ ನಗಲಿಲ್ಲ. ಊರು ಯಾವುದೋ, ಜನ ಎಂಥವರೋ, ಹೆಚ್ಚುಕಡಿಮೆಯಾದರೆ ಎಂದು ಶುರು ಮಾಡಿದ. ಆಗ ಇಮಾಮ್ ಸಾಹೇಬರು ಬಾಯಿ ತೆರೆದರು. "ಬಸು, ಶಾಹಿದಾ ನೈಟ್ ಡ್ಯೂಟಿ ಮುಗಿಸಿ ಒಬ್ಬಾಕೀನ ಬರ್ತಿದ್ಲು. ನಿಮ್ಮವ್ವ ನಸುಕಿನ್ಯಾಗೆದ್ದು ಒಬ್ಬಾಕೀನ ಮಾರ್ಕೆಟಿಗೆ ಹೋಗ್ತಿದ್ರು. ದುಡದು ತರಾಕ ಹೋದಾಗ ನಾವು ಯಾರನ್ನೂ ಜೋಡಿ ಕಳಿಸಲಿಲ್ಲ. ಆಟ ನೋಡಾಕ ಹೊಂಟ್ರ ಕಾವಲು ಬೇಕಾತೇನು?" ಮಿತಭಾಷಿಗಳು ಬಾಯಿ ತೆರೆದರೆ ಇದೇ ತೊಂದರೆ, ಎದುರು ಮಾತಾಡಲು ಏನನ್ನೂ ಉಳಿಸುವುದಿಲ್ಲ. ಬಸವರಾಜ ಎದ್ದು ಹೋಗಿ ತಾಯಿಗೆ ಗಾಲಿ ಇರುವ ಹೊಸ ಸೂಟ್‌ಕೇಸ್ ತಂದ.

ಅವರು ಹೋದರು. ನನ್ನ ಕೆಲಸ ಎರಡು ವಾರ ಓಣಿಯ ಜನರಿಗೆ ಮುಖ ತಪ್ಪಿಸಿ ಹಿತ್ತಲ ದಾರಿಯಿಂದ ಓಡಾಡುವುದಾಗಿತ್ತು.

ಮೊದಲ ಪಂದ್ಯ ನಮ್ಮ ಗಡಿಯಾರದ ಲೆಕ್ಕದಲ್ಲಿ ಸಂಜೆಗೆ ಮುಂಚೆ ಇತ್ತು. ಬಸವರಾಜ ಅಂಗಡಿ ಮುಚ್ಚಿ ಬಂದ, ಇಮಾಮ್ ಸಾಹೇಬರು ಕೋಲೂರಿಕೊಂಡು ಬಂದರು. ವೈನಿ ನನ್ನ ಮೊಬೈಲಿಗೆ ವಿಡಿಯೋ ಕರೆ ಮಾಡಿ, "ಮೈದಾನ ತೋರಸ್ತೀನಿ ನೋಡ್ರಿ" ಎಂದು ಏನೋ ಒತ್ತಿ, ಮೊಬೈಲನ್ನು ತೊಡೆಯ ಮೇಲಿನ ಚೀಲಕ್ಕೆ ಆನಿಸಿ, ನಮ್ಮನ್ನು ಮರೆತೇಬಿಟ್ಟರು. ಮೈದಾನ ಕಾಣಲಿಲ್ಲ. ಕಂಡದ್ದು ಅವರಿಬ್ಬರ ಮುಖ, ಅದರ ಹಿಂದೆ ಒಂದಿಷ್ಟು ಆಕಾಶ. ಬಸವರಾಜ ಟಿವಿ ಹಚ್ಚಲು ಎದ್ದ. "ಇರಲಿ ಬಿಡು, ಇದನ್ನs ನೋಡೂಣು" ಎಂದರು ಸಾಹೇಬರು.

ನಾವು ಮೂವರೂ ಅಂಗೈಯಗಲದ ಆ ಪರದೆಯನ್ನು ನೋಡುತ್ತ ಕೂತೆವು. ಆಪಾ ತುಟಿ ಕಚ್ಚಿದರು. ವೈನಿ ಮುಂದಕ್ಕೆ ಬಾಗಿದರು, ಮತ್ತೆ ಹಿಂದೆ ಸರಿದು ಆಪಾರ ಕೈ ಹಿಡಿದರು. ಎರಡೂ ಮುಖಗಳಲ್ಲಿ ಇದ್ದಷ್ಟು ಬೆಳಕನ್ನು ನಾನು ಅವರ ಮನೆಗಳ ಮದುವೆಗಳಲ್ಲೂ ಕಂಡಿರಲಿಲ್ಲ. ಆಮೇಲೆ ಅಲ್ಲಿ ಏನಾಯಿತೋ ನಮಗೆ ಗೊತ್ತಾಗಲಿಲ್ಲ. ಇಬ್ಬರೂ ಒಮ್ಮೆಲೇ ಎದ್ದು ನಿಂತರು, ಮೊಬೈಲು ಎಲ್ಲೋ ಬಿತ್ತು, ಪರದೆ ಕತ್ತಲಾಯಿತು. ಆ ಕತ್ತಲೆಯೊಳಗಿಂದ ವೈನಿ ಕೂಗಿದ್ದು ಕೇಳಿಸಿತು. ಸಾವಿರಾರು ಜನರ ಗದ್ದಲದ ಮೇಲೆ, ಸ್ಪಷ್ಟವಾಗಿ, ಹೊಟ್ಟೆಯಾಳದಿಂದ ಬಂದ ಕೂಗು. ನಮ್ಮ ಮನೆಯಲ್ಲಿ ಆ ಧ್ವನಿಯನ್ನು ಯಾರೂ ಕೇಳಿರಲಿಲ್ಲ.

ಬಸವರಾಜ ನನ್ನ ಮುಖ ನೋಡಿದ. "ಕಾಕಾ, ಅವ್ವನ ದನಿ ಇಷ್ಟು ದೊಡ್ಡದಿತ್ತೇನ್ರಿ?"

"ಇತ್ತಪಾ," ಎಂದೆ. "ಮನಿ ಸಣ್ಣದಿತ್ತು."