ದೊಡ್ಡಪ್ಪನ ತಲೆಯೊಳಗಿನ ಗದ್ದೆ

ನಮ್ಮ ದೊಡ್ಡಪ್ಪನಿಗೆ ಪಾರ್ಕಿನ್ಸನ್. ಕೈ ನಡುಗಿದ್ದಕ್ಕಿಂತ ದನಿ ಕುಗ್ಗಿದ್ದೇ ಅವರಿಗೆ ದೊಡ್ಡ ಚಿಂತೆ. ಹಿಂದೆ ನಮ್ಮೂರು ಭಾನುವಳ್ಳಿಯಲ್ಲಿ ಗದ್ದೆಯ ಬದುವಿನ ಮೇಲೆ ನಿಂತು ಅವರು ಕೂಗಿದರೆ ಕಾಲುವೆಯಾಚೆಯವರೂ ಓಗೊಡುತ್ತಿದ್ದರು. ಈಗ ಪಕ್ಕದಲ್ಲಿ ಕೂತವರಿಗೂ ಕೇಳದು. ನನ್ನ ಕಾಯಿಲೆ ಬೇರೆ: ಊರಿನವರೆಲ್ಲರ ದನಿಯೂ ನನ್ನಲ್ಲಿದೆ, ಸ್ವಂತದ್ದೊಂದು ಬಿಟ್ಟು. ದೊಡ್ಡಪ್ಪನಿಗೆ ಕಾಯಿಲೆ ಬಂದ ಮೇಲೆ ಅವರ ದನಿಯನ್ನು ಮಾತ್ರ ಅನುಕರಿಸುವುದು ಬಿಟ್ಟಿದ್ದೆ.

ಕಳೆದ ಮಳೆಗಾಲ ಅವರು ಫೋನಿನಲ್ಲಿ ಒಂದು ವಿಡಿಯೊ ನೋಡಿದರು. ಪ್ರಯೋಗಾಲಯದಲ್ಲಿ ಬೆಳೆಸಿದ ಕಾಂಡಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಮಿದುಳಿಗೆ ಹಾಕಿದರೆ ಅಲ್ಲಿ ಹೊಸ ನರಕೋಶಗಳು ಹುಟ್ಟುತ್ತವಂತೆ. ಆಮೇಲೆ ಅವರ ನಡಿಗೆ ದಿನದಿನಕ್ಕೆ ಬಿಗಿಯಾಗುತ್ತ ಬಂತು. ದಾವಣಗೆರೆಗೆ ಕರೆದುಕೊಂಡು ಹೋದಾಗ ಬಸ್ಸಿನ ಮೆಟ್ಟಿಲಲ್ಲೇ ಕಾಲು ಅಂಟಿಕೊಂಡಿತು.

"ಗುಳಿಗಿ ಬಿಟ್ಟೀರೇನ್ರಿ?" ಎಂದರು ಡಾಕ್ಟರು.

"ನಾಟಿ ಮಾಡೋಕಿಂತ ಮುಂಚೆ ಗದ್ದೆ ಹಸನು ಮಾಡ್ಬೇಕಲ್ರಿ," ದೊಡ್ಡಪ್ಪ ಪಿಸುಗುಟ್ಟಿದರು. "ಹಳೇ ಕೂಳೆ ಇದ್ರೆ ಹೊಸ ಸಸಿ ಬೇರು ಹಿಡಿತಾವೇನು? ಅದಕ್ಕೇ ಬಿಟ್ಟೆ."

ನಾನು ನಗು ನುಂಗಿದೆ. ಡಾಕ್ಟರು ನಗಲಿಲ್ಲ.

"ಭತ್ತಕ್ಕೆ ಅದು ಸರಿ ಯಜಮಾನ್ರೆ, ತಲೆಗಲ್ಲ. ಹಾಕಿದ ಕೋಶ ಬದುಕ್ಬೇಕು, ಅಕ್ಕಪಕ್ಕದ ನರಗಳ ಜೊತೆ ಕೂಡ್ಕೋಬೇಕು. ಹತೋಟಿ ತಪ್ಪಿ ಬೆಳೆದ್ರೆ ಗಡ್ಡೆ ಆಗ್ಬಹುದು. ಅದಿನ್ನೂ ಪರೀಕ್ಷೆಯೊಳಗೈತೆ. ಗುಳಿಗಿ ಒಮ್ಮೆಗೇ ಬಿಡೋದು ಅಪಾಯ. ನಾನು ಬರೆದಂಗೆ ಇವತ್ತಿಂದ್ಲೇ ಶುರು ಮಾಡ್ರಿ."

"ನಮ್ಮಂಥೋರಿಗೆ ಯಾವಾಗ ಸಿಗ್ತೈತ್ರಿ ಅದು?"

"ಗೊತ್ತಿಲ್ಲ. ಸುಳ್ಳು ಹೇಳಲ್ಲ."

ಊರಿಗೆ ಮರಳುವಾಗ ಹರಿಹರದ ಬಸ್ಸಿನಲ್ಲಿ ದೊಡ್ಡಪ್ಪ ಗುಳಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕಿಟಕಿಯಾಚೆ ನೋಡುತ್ತ ಕೂತರು. ಬಾಯಿಗೆ ಹಾಕಿಕೊಳ್ಳಲಿಲ್ಲ. ನಾನು ಡಾಕ್ಟರ ದನಿಯಲ್ಲಿ, "ಶುರು ಮಾಡ್ರಿ ಯಜಮಾನ್ರೆ," ಎಂದೆ.

"ಅವರ್ನ ಬಿಡಲೇ. ನಂದು ಮಾಡು. ಹೆಂಗಿತ್ತೋ ಕೇಳ್ಬೇಕು."

ಬದುವಿನ ಮೇಲೆ ನಿಂತವನಂತೆ ಕೂಗಿಬಿಟ್ಟೆ: "ಏಯ್, ನೀರು ಬಂತ್ರೋಓಓ!"

ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. "ಯಾವನಲೇ ಅವ್ನು?" ಎಂದು ಕಂಡಕ್ಟರ್ ಹಾರಿಬಂದ. ಬಸ್ಸಿಡೀ ನಮ್ಮತ್ತ ತಿರುಗಿತು. ದೊಡ್ಡಪ್ಪನ ಭುಜ ಕುಲುಕುತ್ತಿತ್ತು. ಹೆದರಿ ಮುಖ ನೋಡಿದರೆ, ನಗುತ್ತಿದ್ದಾರೆ!

"ತಪ್ಪು ಮಾಡ್ದೆಲೇ ನೀನು," ಎಂದರು. ಕೇಳಲು ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ದೆ. "ಕೊನಿಗೆ ಅಷ್ಟು ಎಳೀತಿರ್ಲಿಲ್ಲ ನಾನು. ಥಟ್ಟಂತ ನಿಲ್ಲಿಸ್ತಿದ್ದೆ."

"ಹೆಂಗೆ ದೊಡ್ಡಪ್ಪ?"

"ನೀರಿನ ಬಾಟ್ಲಿ ಕೊಡು ಮೊದ್ಲು," ಎಂದು ಮುಷ್ಟಿ ಬಿಚ್ಚಿದರು. "ಇದು ಒಳಗೆ ಹೋಗ್ಲಿ. ಆಮೇಲೆ ತೋರಿಸ್ತೀನಿ."