ನಾಯಿಗೆ ಉಷ್ಣವಾಗಿತ್ತು

ಮಗಳ ಮದುವೆ ಮುಗಿದು, ಯಲಹಂಕದಲ್ಲಿ ಅವಳ ಹೊಸ ಮನೆಗೆ ಬಣ್ಣ ಹೊಡೆಯುತ್ತಿದ್ದ ದಿನಗಳು. ಬೀರು, ಮಂಚ, ಮಿಕ್ಸಿ, ಯಾವುದು ಎಲ್ಲಿಗೆ ಎಂಬುದೆಲ್ಲ ಇತ್ಯರ್ಥವಾಗಿತ್ತು. ಉಳಿದಿದ್ದು ನಾಯಿ ಒಂದೇ. ಮೊಣಕಾಲಿಗೂ ಬಾರದ, ಮೈತುಂಬ ಬಿಳಿ ಕೂದಲಿನ, ಬಾಲ ಅಲ್ಲಾಡಿಸಿದಾಗ ಮಾತ್ರ ಹಿಂದೆ ಯಾವುದು ಮುಂದೆ ಯಾವುದು ಎಂದು ಗೊತ್ತಾಗುವ ಪ್ರಾಣಿ. ಎರಡು ವರ್ಷದ ಹಿಂದೆ ಮಗಳು ಅದನ್ನು ತಂದಾಗ, ಈ ಮನೆಯಲ್ಲಿ ಅದಿರಬೇಕು ಇಲ್ಲ ನಾನಿರಬೇಕು ಎಂದು ಕೂಗಾಡಿದವಳು ನಾನೇ. ಈಗ ಅದು ಹೋಗುತ್ತದೆ ಎಂದಾಗ ಊಟ ಸೇರದೆ ಹೋದವಳೂ ನಾನೇ. ಹಾಗಂತ ಬಾಯಿಬಿಟ್ಟು ಕೇಳುವುದುಂಟೆ?

"ಆ ಮನೇಲಿ ಬಾಲ್ಕನಿ ಚಿಕ್ಕದು, ಪಾಪ, ನಾಯಿಗೆ ಸಾಲಲ್ಲ" ಎಂದು ಸುತ್ತಿ ಬಳಸಿ ಹೇಳಿದೆ.

ಮಗಳು ನನ್ನ ಮುಖವನ್ನೇ ನೋಡಿದಳು. "ಸರಿ ಅಮ್ಮ. ನಾವಿಬ್ರೂ ಮೂರು ದಿನ ಮೈಸೂರಿಗೆ ಹೋಗ್ತಿದ್ದೀವಿ. ನಾನು ಬರ್ದಿಟ್ಟ ಹಾಗೆ ನೋಡ್ಕೊಂಡ್ರೆ ನಿನ್ನ ಹತ್ರಾನೇ ಬಿಡ್ತೀನಿ. ನಿನ್ ಬುದ್ಧಿ ಉಪಯೋಗ್ಸಿದ್ರೆ ಕರ್ಕೊಂಡು ಹೋಗ್ತೀನಿ."

ಮೂವತ್ತು ವರ್ಷ ಸಂಸಾರ ತೂಗಿಸಿದ ಬುದ್ಧಿಗೆ ಸಿಕ್ಕ ಮರ್ಯಾದೆ ಇದು.

ಫ್ರಿಜ್ಜಿನ ಮೇಲೆ ಪಟ್ಟಿ ಅಂಟಿತು. ಬೆಳಿಗ್ಗೆ ವಾಕಿಂಗ್, ದಿನಕ್ಕೆರಡು ಸಲ ಬಾಚುವುದು, ಚಪಾತಿ ಚೂರು ಹಾಕಕೂಡದು. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ, "ಸ್ನಾನ ನೀನು ಮಾಡಿಸಬೇಡ. ಗಾಡಿಯವರು ಮಾಡಿಸುತ್ತಾರೆ."

ಈ ಗಾಡಿ ತಿಂಗಳಿಗೊಮ್ಮೆ ಆರ್.ಟಿ. ನಗರದ ನಮ್ಮ ಬೀದಿಗೆ ಬರುತ್ತದೆ. ಒಳಗೆ ತೊಟ್ಟಿ, ಬಿಸಿನೀರು, ಎಸಿ. ಬೀದಿಯ ಮನುಷ್ಯರು ನಲ್ಲಿ ನೀರಿಗಾಗಿ ದಿನ ಬಿಟ್ಟು ದಿನ ಬಿಂದಿಗೆ ಹಿಡಿದು ಕಾಯುತ್ತಾರೆ. ನಾಯಿಗಳಿಗೆ ಬಿಸಿನೀರು ಬಾಗಿಲಿಗೇ ಬರುತ್ತದೆ. ಓಟ್ಸ್ ಹಾಕಿದ ಶಾಂಪೂ, ಮೇಲೆ ಸೆಂಟು. ನಮ್ಮದರ ಮೂತಿಗೆ ಪಟ್ಟಿ ಕಟ್ಟಿಯೇ ಒಳಗೆ ಒಯ್ಯುತ್ತಾರೆ, ಏಕೆಂದರೆ ಅದು ಕಚ್ಚುತ್ತದೆ. ಹೊರಬರುವಾಗ ಕಿವಿಗೆ ಗುಲಾಬಿ ರಿಬ್ಬನ್ನು.

ಮೊದಲ ದಿನ ನಾನು ಪಟ್ಟಿಯನ್ನು ಅಕ್ಷರಶಃ ಪಾಲಿಸಿದೆ. ಎರಡನೆಯ ದಿನ ಬೆಳಿಗ್ಗೆ ನಾಯಿ ಕಿವಿ ಹಿಂದೆ ಪರಪರ ಕೆರೆದುಕೊಳ್ಳತೊಡಗಿತು.

ನೋಡಿದ ಕೂಡಲೇ ನನಗೆ ಗೊತ್ತಾಯಿತು. ಉಷ್ಣ. ನಮ್ಮ ಮನೆತನದಲ್ಲಿ ಕಾಯಿಲೆ ಇರುವುದೇ ಅದೊಂದು. ಕಣ್ಣುರಿ, ಬಾಯಿಹುಣ್ಣು, ಗಣಿತದಲ್ಲಿ ನಪಾಸಾಗುವುದು, ಎಲ್ಲಕ್ಕೂ ಅದೇ ಕಾರಣ. ಔಷಧಿಯೂ ಒಂದೇ, ಹರಳೆಣ್ಣೆ. ಅದನ್ನು ತಟ್ಟಿ ತಿಕ್ಕುವುದರಲ್ಲಿ ನನ್ನ ಕೈಗೆ ಹೆಸರಿತ್ತು. ಆದರೆ ಮಗಳು ಹನ್ನೆರಡು ತುಂಬಿದ ವರ್ಷ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಅಂದಿನಿಂದ ಈ ಕೈಗೆ ಒಂದು ತಲೆಯೂ ಸಿಕ್ಕಿರಲಿಲ್ಲ. ಆ ಚಿಲಕದ ಸದ್ದು ನನಗೆ ಈಗಲೂ ಬೇಸರ.

ಎಣ್ಣೆ ಬೆಚ್ಚಗೆ ಮಾಡಿ, ಮಗಳು ಕೂರುತ್ತಿದ್ದ ಮಣೆಯನ್ನೇ ತೊಳೆದು, ನಾಯಿಯನ್ನು ಗೋಡೆಗೆ ಮುಖ ಮಾಡಿಸಿ ಕೂರಿಸಿದೆ. "ಎಣ್ಣೆ ಎಣ್ಣೆ" ಎನ್ನುತ್ತ ನೆತ್ತಿಗೆ ತಟ್ಟಿದೆ. ಕಚ್ಚಲಿಲ್ಲ. ಬೆನ್ನಿಗೆ ಬರುವಷ್ಟರಲ್ಲಿ ಕಣ್ಣು ಮುಚ್ಚಿ, ಹಬ್ಬದ ದಿನದ ಅಳಿಯನ ಹಾಗೆ ಸುಖವಾಗಿ ನರಳಿತು. ನಾನು ಇನ್ನರ್ಧ ಬಟ್ಟಲು ಸುರಿದೆ.

ಹಚ್ಚಿದ ಎಣ್ಣೆ ಬಿಡಬೇಕಲ್ಲ. ಸೀಗೆಪುಡಿ ಹಾಕಿದೆ, ನಾಯಿ ಕಂದು ಕೆಸರಾಯಿತು. ಕಡಲೆಹಿಟ್ಟು ಹಾಕಿದೆ, ಹಿಟ್ಟು ಎಣ್ಣೆಯ ಜೊತೆ ಒಂದಾಗಿ ಕೂದಲಿಗೆ ಕಚ್ಚಿಕೊಂಡಿತು. ಮೂರು ಬಕೆಟ್ ನೀರು ಮುಗಿದ ಮೇಲೆ, ನನ್ನ ಗೊಣಗಾಟ ಕೇಳಿ ಕೆಳಮನೆಯಾಕೆ ಹತ್ತಿ ಬಂದಳು. ರವಿಕೆ ಹೊಲಿಯುವ ಹೆಂಗಸು, ಇಪ್ಪತ್ತು ವರ್ಷದ ನೆರೆ.

"ಕ್ಯಾ ಅಕ್ಕಾ, ನಾಯೀನ ಬಜ್ಜಿ ಮಾಡ್ತಾ ಇದ್ದೀರಾ?"

"ನಗಬೇಡ ಕಣೇ, ನಾಳೆ ಮಗಳು ಬರ್ತಾಳೆ. ಹಿಂಗೆ ನೋಡಿದ್ರೆ ಕರ್ಕೊಂಡು ಹೋಗ್ಬಿಡ್ತಾಳೆ."

ಅವಳ ನಗು ನಿಂತಿತು. ಮಗುವಿನ ಶಾಂಪೂ ತಂದುಕೊಟ್ಟಳು. ನಾಲ್ಕು ಸಲ ತೊಳೆದಾಗ ಎಣ್ಣೆ ಬಿಟ್ಟಿತು, ಕೂದಲು ಮಾತ್ರ ಹಿಟ್ಟಿನೊಂದಿಗೆ ಗಂಟುಗಂಟಾಗಿ ಉಳಿಯಿತು. ಕತ್ತರಿಸದೆ ಬೇರೆ ದಾರಿಯಿರಲಿಲ್ಲ. ಹಳೆಯ ಕತ್ತರಿಯೊಂದನ್ನು ಕೊಟ್ಟು, "ನಮಾಜಿನ ಹೊತ್ತು ಅಕ್ಕಾ, ಒದ್ದೆ ನಾಯಿ ಮುಟ್ಟಲ್ಲ, ಬಾಯಲ್ಲಿ ಹೇಳ್ತೀನಿ" ಎಂದು ಬಾಗಿಲಲ್ಲೇ ನಿಂತಳು. "ಕಂಕುಳ ಹತ್ರ ಸ್ವಲ್ಪ ಲೂಸ್ ಬಿಡಿ. ಕುತ್ತಿಗೆ ರೌಂಡಾಗಿ ಬರ್ಲಿ. ಬೆನ್ನು ಜಾಸ್ತಿ ಡೀಪ್ ಬೇಡ." ಹಾಗೆ ನನ್ನ ನಾಯಿಗೆ ರವಿಕೆಯ ಅಳತೆಯಲ್ಲಿ ಕ್ಷೌರವಾಯಿತು.

ಅಷ್ಟೆಲ್ಲ ಕೂದಲಿನೊಳಗೆ ಇದ್ದದ್ದು ಒಂದು ಹಿಡಿ ನಾಯಿ. ಕಿವಿಯ ಹಿಂದೆ ರಿಬ್ಬನ್ನಿನ ರಬ್ಬರ್ ಬ್ಯಾಂಡು ಸಿಕ್ಕಿಕೊಂಡು ಚರ್ಮ ಕೆಂಪಗಾಗಿತ್ತು. ಕೆರೆತ ಅದರಿಂದ. ಉಷ್ಣ ಅಲ್ಲವೇ ಅಲ್ಲ ಎಂದು ನಾನು ಇವತ್ತಿಗೂ ಪೂರ್ತಿ ಒಪ್ಪಿಲ್ಲ.

ಮಾರನೆಯ ಬೆಳಿಗ್ಗೆ ಬುದ್ಧಿ ಬಂದಿರಬೇಕಿತ್ತು. ಬರಲಿಲ್ಲ. "ಪಾದಕ್ಕೆ ಮಾತ್ರ ಎಣ್ಣೆ" ಎಂದೆ. ಬಾಯಿಂದ ಮಾತು ಬೀಳುವಷ್ಟರಲ್ಲಿ ನಾಯಿ ತಾನೇ ಹೋಗಿ ಮಣೆಯ ಮೇಲೆ ಕೂತಿತ್ತು. ಎರಡೇ ತೊಟ್ಟು ಹಚ್ಚಿದೆ.

ಸಂಜೆ ಮಗಳು ಬಂದಳು. ನಾಯಿ ಹಾರಿ ಅವಳ ತೋಳಿಗೇರಿತು. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಅಮ್ಮ, ಏನಿದು?"

"ಸೆಖೆ ಅಲ್ವಾ, ಒಂಚೂರು ಟ್ರಿಮ್ ಮಾಡ್ದೆ." ಎಷ್ಟೊಂದು ಸುಳ್ಳು ಸಿದ್ಧಮಾಡಿಕೊಂಡಿದ್ದೆ, ಬಂದದ್ದು ಇದೊಂದೇ.

ಅವಳು ಪಾದ ಮೂಸಿದಳು. "ಎಣ್ಣೆ ಹಚ್ಚಿದ್ಯಾ?"

"ಯಾರು, ನಾನಾ? ಎಲ್ಲಿ ಎಣ್ಣೆ?"

ನಾಯಿ ಕಿವಿ ನಿಮಿರಿಸಿತು. ಮಗಳ ತೋಳಿನಿಂದ ಕೊಸರಿ ಇಳಿದು, ಪುಟಪುಟನೆ ಬಚ್ಚಲಿಗೆ ನಡೆದು, ಮಣೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಿತು.

ಮಗಳು ಅದರ ಹಿಂದೆಯೇ ಬಚ್ಚಲ ಬಾಗಿಲಿಗೆ ಬಂದಳು. ಮೂತಿಗೆ ಪಟ್ಟಿಯಿಲ್ಲದೆ ಸ್ನಾನಕ್ಕೆ ಕೂತ ನಾಯಿಯನ್ನು ಅವಳು ನೋಡಿದ್ದು ಅದೇ ಮೊದಲು. ಆಮೇಲೆ ಫ್ರಿಜ್ಜಿನ ಮೇಲಿದ್ದ ಪಟ್ಟಿ ಕಿತ್ತಳು. "ಇಲ್ಲೇ ಇರ್ಲಿ ಬಿಡು. ನಿನ್ ಹತ್ರಾನೇ ಸರಿ."

ಗೆದ್ದಿದ್ದೆ. ಆಗಷ್ಟೇ ಹೊಳೆಯಿತು, ಇನ್ನು ಯಲಹಂಕಕ್ಕೆ ಹೊರಡಲು ಇವಳಿಗೆ ಯಾವ ತಡೆಯೂ ಉಳಿದಿಲ್ಲ. ಎಣ್ಣೆ ಬಟ್ಟಲನ್ನು ಒಲೆಯ ಮೇಲಿಟ್ಟೆ. "ಹೇಗೂ ಬಿಸಿ ಮಾಡ್ತಿದ್ದೀನಿ. ನೀನೂ ಒಂದ್ ಹತ್ತು ನಿಮಿಷ ಕೂತ್ಕೋ, ತಲೆಗೆ ಹಚ್ತೀನಿ" ಎಂದೆ.

"ಅಯ್ಯೋ ಅಮ್ಮ, ನಾಳೆ ಆಫೀಸಿದೆ" ಎಂದು ಅವಳು ಬ್ಯಾಗು ತೆಗೆದುಕೊಂಡಳು.

ನಾಯಿ ಮಾತ್ರ ಗೋಡೆ ನೋಡಿಕೊಂಡು ಕೂತೇ ಇತ್ತು.