ವಾಮಂಜೂರಿನವರೆಗೆ ಹೋದ ಭೂತಕಾಲ

ನನ್ನ ಸ್ಪ್ಯಾನಿಷ್ ನೋಟ್‌ಬುಕ್ಕಿನಲ್ಲಿ ಪುಟದ ಗುರುತಿಗೆಂದು ನಾನು ಇಟ್ಟುಕೊಂಡಿದ್ದದ್ದು ನಮ್ಮದೇ ಗೃಹಪ್ರವೇಶದ ಒಂದು ಆಮಂತ್ರಣ ಪತ್ರ. ನಾಲ್ಕು ಮೂಲೆಗೂ ಅರಸಿನ ಕುಂಕುಮ ಹಚ್ಚಿ, ಮೇಲೆ ನನ್ನ ಗುಂಡಗಿನ ಅಕ್ಷರದಲ್ಲಿ ‘ಸುಮತಿ ಅಕ್ಕನಿಗೆ’ ಎಂದು ಬರೆದ ಆ ಪತ್ರ ಅಕ್ಕನ ಕೈ ಸೇರದೆ ನಾಲ್ಕು ವರ್ಷ ಡ್ರಾಯರಿನಲ್ಲಿ ಮಲಗಿತ್ತು. ಒಳ್ಳೆಯ ದಪ್ಪ ಕಾಗದ, ಹಾಳಾಗುವುದೇಕೆ ಎಂದು ಅದನ್ನು ವಿದ್ಯೆಯ ಸೇವೆಗೆ ಹಚ್ಚಿದ್ದೆ.

ಈ ವಯಸ್ಸಿನಲ್ಲಿ ಸ್ಪ್ಯಾನಿಷ್ ಯಾಕೆ ಎಂದು ನೀವೂ ಕೇಳುತ್ತೀರಿ. ನಮ್ಮ ಶಕ್ತಿನಗರದಲ್ಲಿ ಕೇಳದವರು ಉಳಿದಿಲ್ಲ. ಹೈಸ್ಕೂಲಿನ ಸಂಸ್ಕೃತ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನಾನು ಸಾಂಬಾರಿಗೆ ಕೊತ್ತಂಬರಿ ಎಷ್ಟು ಹುರಿಯಬೇಕೆಂಬ ವಿಷಯದಲ್ಲಿ ಅಭಿಪ್ರಾಯ ಕೊಡತೊಡಗಿದ್ದೆ. ಮೂರನೆಯ ಅಭಿಪ್ರಾಯ ಕೇಳಿದ ದಿನವೇ ನನ್ನ ಹೆಂಡತಿ ಪಡೀಲಿಗೆ ಹೋಗಿ, ಲೀನಾ ಟೀಚರ ಸಂಜೆಯ ಕ್ಲಾಸಿನಲ್ಲಿ ನನ್ನ ಹೆಸರು ಬರೆಸಿ ಬಂದಳು. ಸ್ಪೇನಿನಲ್ಲಿ ಇಪ್ಪತ್ತು ವರ್ಷ ನರ್ಸ್ ಆಗಿದ್ದು ಊರಿಗೆ ಮರಳಿದ ಈ ಟೀಚರು ಕ್ರಿಯಾಪದಗಳನ್ನೂ ಇಂಜೆಕ್ಷನ್ನಿನ ಹಾಗೆಯೇ ಕೊಡುತ್ತಾರೆ: ನೋವಾಗುವುದಿಲ್ಲ ಎಂದು ಮೊದಲು ಹೇಳಿ, ಆಮೇಲೆ ಚುಚ್ಚುತ್ತಾರೆ.

ಲಙ್, ಲುಙ್, ಲಿಟ್ ಎಂದು ಮೂರು ಬಗೆಯ ಭೂತಕಾಲವನ್ನು ಮೂವತ್ತು ವರ್ಷ ಕಲಿಸಿದವನಿಗೆ ಸ್ಪ್ಯಾನಿಷ್ಷಿನ ಎರಡು ಭೂತಕಾಲ ಯಾವ ಲೆಕ್ಕ ಎಂಬ ಜಂಬ ನನಗಿತ್ತು. ಒಂದು ಹಾಗೆಯೇ ಹರಡಿಕೊಂಡಿದ್ದ ಕಾಲಕ್ಕೆ, ಇನ್ನೊಂದು ನಡೆದು ಮುಗಿದ ಕೆಲಸಕ್ಕೆ, ಇಷ್ಟೇ ಅಂದುಕೊಂಡಿದ್ದೆ. ಆದರೆ ಅಲ್ಲಿ ಕೆಲವು ಕ್ರಿಯಾಪದಗಳು ಮುಗಿದ ಕಾಲಕ್ಕೆ ಕಾಲಿಟ್ಟೊಡನೆ ಅರ್ಥವನ್ನೇ ಬದಲಿಸಿಬಿಡುತ್ತವೆ. ‘ಸಬೀಯಾ’ ಎಂದರೆ ನನಗೆ ಗೊತ್ತಿತ್ತು; ‘ಸೂಪೆ’ ಎಂದರೆ ಆ ಕ್ಷಣದಲ್ಲಿ ಗೊತ್ತಾಯಿತು. ‘ಕೆರೀಯಾ’ ಎಂದರೆ ಮನಸ್ಸಿತ್ತು; ‘ಕಿಸೆ’ ಎಂದರೆ ಪ್ರಯತ್ನಪಟ್ಟೆ. (ಈ ಪದ ಕೇಳಿದಾಗಲೆಲ್ಲ ನನ್ನ ಕೈ ಅಂಗಿಯ ಕಿಸೆಗೆ ಹೋಗುತ್ತದೆ.) ಅದಕ್ಕೇ ‘ಇಲ್ಲ’ ಸೇರಿಸಿದರೆ ಮನಸ್ಸಿರಲಿಲ್ಲ ಎಂದಲ್ಲ, ಖಂಡಿತವಾಗಿ ನಿರಾಕರಿಸಿದೆ ಎಂದು. ಬರಿಯ ಮನಸ್ಸಿಗೆ ಮುಗಿದ ಕೆಲಸದ ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲ ಎಂಬ ಈ ಶಿಸ್ತು ನನಗೆ ಬಹಳ ಹಿಡಿಸಿತು, ನನ್ನ ಸರದಿ ಬರುವವರೆಗೆ.

‘ನಿಮ್ಮದೇ ಜೀವನದ್ದೊಂದು ವಾಕ್ಯ ಮಾಡಿ’ ಎಂದರು ಟೀಚರು. ನೋಟ್‌ಬುಕ್ ತೆರೆದರೆ ಆ ಪತ್ರ. ‘ಗೃಹಪ್ರವೇಶಕ್ಕೆ ಅಕ್ಕನನ್ನು ಕರೆಯಬೇಕೆಂದಿದ್ದೆ; ಅಕ್ಕನಿಗೆ ಬರಲು ಮನಸ್ಸಿರಲಿಲ್ಲ’ ಎಂದು ಎರಡೂ ಕಡೆ ಮುಗಿದ ಕಾಲವನ್ನೇ ಹಾಕಿ ಬರೆದು ತೋರಿಸಿದೆ.

‘ಕಿಸೆ ಹಾಕಿದ್ದೀರಿ ಮಾಸ್ಟ್ರೇ. ಹಾಗಾದ್ರೆ ನೀವು ಅವರ ಮನೆಗೆ ಹೋಗಿದ್ರಾ?’

‘ವಾಮಂಜೂರು ಜಂಕ್ಷನ್‌ವರೆಗೆ ಹೋಗಿದ್ದೆ.’

‘ಅಕ್ಕ ಬರುದಿಲ್ಲ ಅಂತ ಹೇಳಿದ್ರಾ?’

‘ಹೇಳ್ಲಿಲ್ಲ.’

‘ಮತ್ತೆಂತ? ಎರಡೂ ತಪ್ಪು’ ಎಂದು ಕೆಂಪು ಪೆನ್ನಿನಲ್ಲಿ ಗೀಟು ಎಳೆದರು.

ನಿಮಗೆ ನಿಜ ಹೇಳುತ್ತೇನೆ. ನಮ್ಮ ಕಡೆ ಹೇಳಿಕೆ ಎಂದರೆ ಮನೆಗೆ ಹೋಗಿ, ಪತ್ರವನ್ನು ಕೈಯಲ್ಲಿ ಕೊಟ್ಟು, ಬಾಯಿ ತೆರೆದು ‘ಬರಬೇಕು’ ಎನ್ನುವುದು. ಅದೂ ದೇವಸ್ಥಾನದ ನಂತರ ಹಿರಿಯರಿಂದ ಶುರುವಾಗಬೇಕು. ತಾಯಿಯಿಲ್ಲದ ನಮಗೆ ಅಕ್ಕನೇ ಹಿರಿಯಳು. ಆದರೆ ಅಕ್ಕ ಮನೆಯವಳೇ ತಾನೆ, ಎಲ್ಲಿ ಹೋಗುತ್ತಾಳೆ ಎಂದು ಹೆಂಡತಿಯ ಕಡೆಯವರನ್ನು, ಸಹೋದ್ಯೋಗಿಗಳನ್ನು, ಕೊನೆಗೆ ಪ್ಲಂಬರನನ್ನೂ ಕರೆದು ಮುಗಿಸಿ, ಗೃಹಪ್ರವೇಶದ ಹಿಂದಿನ ದಿನ ವಾಮಂಜೂರಿನ ಅವಳ ಮನೆಯ ಕಡೆ ಹೊರಟಿದ್ದೆ. ಜಂಕ್ಷನ್ನಿಗೆ ಬಂದಾಗ ಅವಳು ಬಾಗಿಲಲ್ಲೇ ಕೇಳಬಹುದಾದ ಪ್ರಶ್ನೆ ಹೊಳೆಯಿತು. ಹೋಟೆಲಿಗೆ ನುಗ್ಗಿ ಎರಡು ಪ್ಲೇಟ್ ಗೋಳಿಬಜೆ ತಿಂದು, ಪತ್ರದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿ, ಮನೆಗೆ ಮರಳಿದೆ. ಅಕ್ಕ ಬರಲಿಲ್ಲ. ಅಂದಿನಿಂದ ಮದುವೆಮನೆಗಳಲ್ಲಿ ಅವಳು ಮೊದಲ ಪಂಕ್ತಿಗೆ ಕುಳಿತರೆ ನಾನು ಎರಡನೆಯದಕ್ಕೆ. ಕೇಳಿದವರಿಗೆಲ್ಲ ಅಕ್ಕನಿಗೆ ಮನಸ್ಸಿರಲಿಲ್ಲ ಎಂದೇ ಹೇಳುತ್ತ ಬಂದಿದ್ದೆ. ಕನ್ನಡವಾಗಲಿ ತುಳುವಾಗಲಿ ಸಂಸ್ಕೃತವಾಗಲಿ, ನೀನು ಹೋಗಿದ್ದೆಯೋ ಎಂದು ಒಂದು ಸಲವೂ ನನ್ನನ್ನು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ವಾಮಂಜೂರಿಗೆ ಹೋದೆ. ಹೋಟೆಲಿನ ಕಡೆ ತಿರುಗಿ ನೋಡಲಿಲ್ಲ. ಅಕ್ಕ ಅಂಗಳದಲ್ಲಿ ಬಸಳೆ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುತ್ತಿದ್ದಳು. ಕೈಯೊರೆಸಿಕೊಂಡು ಪತ್ರ ತೆಗೆದುಕೊಂಡಳು. ನಾವು ಆಡಿದ್ದು ತುಳುವಿನಲ್ಲಿ; ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

‘ಅಕ್ಕಾ, ಗೃಹಪ್ರವೇಶ ಉಂಟು. ಬರಬೇಕು.’

ಕನ್ನಡಕ ಹುಡುಕಿ ತಂದು, ಜಗಲಿಯಲ್ಲಿ ಕುಳಿತು, ಮುದ್ರಕರ ಹೆಸರಿನವರೆಗೂ ಓದಿದಳು. ‘ತಾರೀಕು ಹೋಗಿ ನಾಲ್ಕು ವರ್ಷ ಆಯ್ತಲ್ಲ ಮಾರಾಯ. ಎಷ್ಟನೇ ಮನೆ ನನ್ನದು?’

‘ಕೊನೇದು.’

‘ಪ್ಲಂಬರಿಗೂ ಮೊದಲೇ ಹೇಳಿದ್ದಿಯಂತೆ.’ ಪತ್ರವನ್ನು ಮಡಚದೆ ಮಡಿಲಲ್ಲಿಟ್ಟುಕೊಂಡಳು. ‘ಗೃಹಪ್ರವೇಶಕ್ಕೆ ಮೊದಲಿನ ಹದಿನೈದು ದಿನ ನಾನು ಮನೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ, ಗೊತ್ತುಂಟಾ? ನೀನು ಬಂದಾಗ ಬಾಗಿಲಿಗೆ ಬೀಗ ಇರಬಾರದು ಅಂತ.’

ಸೂಪೆ. ನನಗೆ ಆಗ ಗೊತ್ತಾಯಿತು. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ. ಅಕ್ಕ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದಿಟ್ಟು, ಬಸಳೆಯ ಒಂದು ಕಟ್ಟನ್ನೂ ನನ್ನ ಚೀಲಕ್ಕೆ ತುರುಕಿದಳು.

ಭಾನುವಾರ ರಿಕ್ಷಾದಿಂದ ಇಳಿದ ಅಕ್ಕ ರೇಷ್ಮೆ ಸೀರೆ ಉಟ್ಟಿದ್ದಳು. ನನ್ನ ಹೆಂಡತಿ ಕಾಲಿಗೆ ನೀರು ಕೊಟ್ಟು, ಕುಂಕುಮವಿಟ್ಟು, ಗೃಹಪ್ರವೇಶದ ದಿನ ಮಾಡಿದ್ದ ಅಡುಗೆಯನ್ನೇ ಪಾಯಸದವರೆಗೂ ಮಾಡಿ ಬಡಿಸಿದಳು. ಬಲಗಾಲಿಟ್ಟು ಒಳಬಂದ ಅಕ್ಕ ಕೋಣೆ ಕೋಣೆ ನೋಡಿ, ಮಳೆಗಾಲದ ಕಲೆ ಮೂಡಿದ ಗೋಡೆಯ ಮುಂದೆ ನಿಂತು, ‘ಹೊಸ ಮನೆ ಚಂದ ಉಂಟು. ಪೈಂಟ್ ಮಾತ್ರ ಇಷ್ಟು ಬೇಗ ಹೋಯ್ತಾ?’ ಎಂದಳು.

ಪತ್ರ ಈಗ ವಾಮಂಜೂರಿನಲ್ಲಿ, ಅಕ್ಕನ ಪಂಚಾಂಗದ ಪಕ್ಕದಲ್ಲಿದೆ. ಗುರುತಿಲ್ಲದ ನೋಟ್‌ಬುಕ್ಕಿನಲ್ಲಿ ಪ್ರತಿ ಸಂಜೆ ಪಾಠ ಹುಡುಕಿ ಸೋಲುತ್ತೇನೆ, ಟೀಚರಿಂದ ಬೈಸಿಕೊಳ್ಳುತ್ತೇನೆ. ಆ ಒಂದು ಪಾಠ ಮಾತ್ರ ತಾನಾಗಿಯೇ ಸಿಗುತ್ತದೆ; ಪತ್ರದ ಮೂಲೆಯ ಕುಂಕುಮ ಆ ಪುಟಕ್ಕೆ ಹತ್ತಿಕೊಂಡು, ಕೆಂಪು ಗೀಟಿನ ಪಕ್ಕದಲ್ಲೇ ಉಳಿದಿದೆ.